ಗರಡಿಯ ಬಸ್ಕಿ ಮತ್ತು ಕರಗದ ಕೊಬ್ಬು

ಹೊಟ್ಟೆ ಕರಗಿಸಲು ಪಟ್ಟಿ, ತೊಡೆ ಸಣ್ಣ ಮಾಡಲು ಎಣ್ಣೆ, ಊಟದ ಬದಲು ಕಲಸಿ ಕುಡಿಯಲು ಪುಡಿ. ಇಂಥ ಜಾಹೀರಾತುಗಳಿಗೆ ಈಗ ದೊಡ್ಡ ಶಹರವೇ ಬೇಕೆಂದಿಲ್ಲ. ಮಲಪ್ರಭೆಯ ದಂಡೆಯ ಊರುಗಳಿಗೂ ಅವು ಮೊಬೈಲ್ ಪರದೆಯ ಮೇಲೆ ಬಂದು ತಲುಪಿವೆ. ಮದುವೆ ಗೊತ್ತಾದ ಹುಡುಗಿ, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ ಹುಡುಗ, ಎರಡು ಹೆರಿಗೆಯ ನಂತರ ಮೈ ಭಾರವಾದ ತಾಯಿ, ಸಕ್ಕರೆ ಕಾಯಿಲೆಯ ಮಾತು ವೈದ್ಯರ ಬಾಯಿಂದ ಮೊದಲ ಸಲ ಕೇಳಿ ಬಂದ ಅಂಗಡಿಕಾರ, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮೈಯ ಕೊಬ್ಬು ಇಳಿಯಬೇಕು, ಕಾಲು ಗಟ್ಟಿಯಾಗಬೇಕು, ದಾರಿ ಯಾವುದು?

ಪ್ರಶ್ನೆ ಹೊಸದೆಂದು ಕಂಡರೂ ಹೊಸದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕಾಲಿನ ಬಲವನ್ನು ಕಟ್ಟುವುದು ಒಂದು ವಿದ್ಯೆಯೇ ಆಗಿತ್ತು. ಅದರ ಶಾಲೆ ಗರಡಿಮನೆ. ಆ ವಿದ್ಯೆಗೆ ಎರಡು ಲೆಕ್ಕಗಳಿದ್ದವು. ಒಂದು ಸಾಮಿನ ಲೆಕ್ಕ, ಇನ್ನೊಂದು ಊಟದ ಲೆಕ್ಕ. ಎರಡೂ ಒಂದೇ ಪುಟದಲ್ಲಿ ಇರುತ್ತಿದ್ದವು. ಆ ಪುಟ ಹರಿದು ಎರಡಾದದ್ದೇ ಇಂದಿನ ತೊಂದರೆಯ ಬೇರು ಎಂಬುದನ್ನು ಈ ಸೀಮೆಯ ಇತಿಹಾಸವೇ ತೋರಿಸಿಕೊಡುತ್ತದೆ.

ಶ್ರಮವೇ ಸಾಮು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಅರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ ಎಲ್ಲವನ್ನೂ ಹೇಳುವ ವಿಶ್ವಕೋಶ ಅದು. ಅದೇ ಕಾಲಕ್ಕೆ ಸವದತ್ತಿಯನ್ನು, ಅಂದರೆ ಶಾಸನಗಳ ಸುಗಂಧವರ್ತಿಯನ್ನು, ನೆಲೆ ಮಾಡಿಕೊಂಡು ಆಳುತ್ತಿದ್ದ ರಟ್ಟರು ಈ ಚಾಲುಕ್ಯರ ಮಾಂಡಲಿಕರು. ಆದ್ದರಿಂದ ಆ ಗ್ರಂಥದಲ್ಲಿ ಬರುವ ಲೋಕ ನಮ್ಮ ಸೀಮೆಗೆ ಪರಕೀಯವಾದುದಲ್ಲ.

ಗ್ರಂಥದ ‘ಮಲ್ಲವಿನೋದ’ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು ಮತ್ತು ಮೈಕಟ್ಟಿನ ಮೇಲೆ ವಿಂಗಡಿಸುವ ಕ್ರಮವಿದೆ, ಅವರನ್ನು ಪಳಗಿಸುವ ಬಗೆಯೂ ಇದೆ. ಮರಳು ತುಂಬಿದ ಚೀಲ ಎತ್ತುವುದು ಭಾರಶ್ರಮ. ಬೆಳಗಿನ ಜಾವ ಊರ ಹೊರಗೆ ನಡೆಯುವುದು ಭ್ರಮಣಶ್ರಮ. ನೀರಿಗಿಳಿದು ಈಜುವುದು ಸಲಿಲಶ್ರಮ. ಕಂಬ ಹತ್ತಿ ಇಳಿಯುವುದು ಸ್ತಂಭಶ್ರಮ. ಇಂದಿನ ತರಬೇತುದಾರರು ‘ಭಾರ ಎತ್ತುವ ವ್ಯಾಯಾಮ’ ಮತ್ತು ‘ದಮ್ಮಿನ ವ್ಯಾಯಾಮ’ ಎಂದು ಎರಡು ಬಗೆಯಾಗಿ ಹೇಳುವುದನ್ನು ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಜೊತೆಜೊತೆಯಾಗಿ ಇಟ್ಟಿದ್ದರು. ಅದರೊಟ್ಟಿಗೇ ಜಟ್ಟಿಗಳಿಗೆ ಅರಮನೆಯಿಂದ ಹಾಲು, ತುಪ್ಪ, ಬೇಳೆಕಾಳುಗಳಂಥ ಪುಷ್ಟಿಯ ಆಹಾರ ಸಲ್ಲಬೇಕೆಂಬ ಮಾತೂ ಇದೆ. ಮೈ ದಂಡಿಸುವುದು ಮತ್ತು ಉಣ್ಣುವುದು ಒಂದೇ ಅಧ್ಯಾಯದ ವಿಷಯಗಳಾಗಿದ್ದವು ಎಂಬುದು ಗಮನಿಸಬೇಕಾದ ಅಂಶ.

ಗರಡಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಸಾಮು’ ಎಂಬ ಮಾತು ‘ಶ್ರಮ’ ಎಂಬುದರ ತದ್ಭವವೇ. ಜಾತ್ರೆಗಳಲ್ಲಿ ಜೋಳದ ಚೀಲ ಎತ್ತುವ, ಗುಂಡುಕಲ್ಲು ಎತ್ತುವ ಪಂದ್ಯಗಳನ್ನು ಕಂಡವರಿಗೆ ಭಾರಶ್ರಮ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚೀಲ ಎತ್ತುವವನ ಬಲ ತೋಳಿನಲ್ಲಿದೆ ಎಂದು ನೋಡುವವರು ತಿಳಿಯುತ್ತಾರೆ. ಆದರೆ ಕುಕ್ಕರಗಾಲಲ್ಲಿ ಕುಳಿತು ಚೀಲವನ್ನು ಮೊದಲು ತೊಡೆಗೆ, ಅಲ್ಲಿಂದ ಎದೆಗೆ, ಆಮೇಲೆ ಹೆಗಲಿಗೆ ಏರಿಸುವಾಗ ದುಡಿಯುವುದು ಹೆಚ್ಚಾಗಿ ತೊಡೆ ಮತ್ತು ಸೊಂಟ.

ಕಿತ್ತೂರಿನ ಕಾಲಾಳುಗಳು

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದ. ಆ ಯುದ್ಧದ ಕಥೆ ಎಲ್ಲರಿಗೂ ಗೊತ್ತು. ಕಿತ್ತೂರಿನ ಬಲ ಹೇಗೆ ಕೂಡಿತ್ತು ಎಂಬುದರ ಕಡೆಗೆ ಲಕ್ಷ್ಯ ಹೋಗುವುದು ಕಡಿಮೆ. ಅದರಲ್ಲಿ ದೊಡ್ಡ ಪಾಲು ಶೇತಸನದಿಗಳದ್ದು. ಸೇವೆಗೆ ಪ್ರತಿಯಾಗಿ ಹೊಲ ಪಡೆದು ಊರಲ್ಲೇ ಇರುತ್ತಿದ್ದವರು ಇವರು. ಬೇಸಾಯವೂ ಅವರದೇ, ಕಾವಲೂ ಅವರದೇ. ಇವರ ಕಸರತ್ತಿಗೆ ಬೇರೆ ಹೊತ್ತು ಇರಲಿಲ್ಲ. ನೇಗಿಲ ಹಿಂದೆ ನಡೆಯುವುದು, ಹೊರೆ ಹೊರುವುದು, ಗರಡಿಯಲ್ಲಿ ಮಣ್ಣು ಮೆಟ್ಟುವುದು, ರಾತ್ರಿ ಗಸ್ತು ತಿರುಗುವುದು ಎಲ್ಲವೂ ಒಂದೇ ಬದುಕಿನ ಭಾಗಗಳಾಗಿದ್ದವು.

ಸಂಗೊಳ್ಳಿ ರಾಯಣ್ಣ ಈ ಶೇತಸನದಿಗಳಲ್ಲಿ ಒಬ್ಬ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಬಳಿಕವೂ ಅವನ ಹೋರಾಟ ನಿಲ್ಲಲಿಲ್ಲ. ಸಂಪಗಾಂವ, ಬೀಡಿ, ಖಾನಾಪುರದ ಕಾಡಿನ ಅಂಚು, ಹೀಗೆ ಒಂದೆಡೆ ಕಂಡು ಇನ್ನೊಂದೆಡೆ ಮಾಯವಾಗುತ್ತಿದ್ದ ಅವನ ಗುಂಪಿಗೆ ತೋಪು ಇರಲಿಲ್ಲ, ಇದ್ದುದು ನೆಲದ ತಿಳಿವಳಿಕೆ ಮತ್ತು ಕಾಲಿನ ದಮ್ಮು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನ ಗರಡಿಸಾಮಿನ ಕಥೆಗಳನ್ನು ಈ ಸೀಮೆ ಇಂದಿಗೂ ಹೇಳುತ್ತದೆ. ಆ ಕಥೆಗಳಲ್ಲಿ ಎಷ್ಟು ಇತಿಹಾಸ, ಎಷ್ಟು ಅಭಿಮಾನ ಎಂಬ ಚರ್ಚೆ ಇರಲಿ. ವೀರನೆಂದರೆ ಗರಡಿಯಲ್ಲಿ ಪಳಗಿದವನೇ ಆಗಿರಬೇಕೆಂಬ ಜನರ ನಂಬಿಕೆಯಂತೂ ಅವುಗಳಲ್ಲಿ ನಿಚ್ಚಳವಾಗಿದೆ.

ಕೊಲ್ಹಾಪುರದ ಗಾಳಿ

ಯುದ್ಧದ ಕಾಲ ಮುಗಿದ ಮೇಲೆ ಗರಡಿಯನ್ನು ಉಳಿಸಿದ್ದು ಜಾತ್ರೆ ಮತ್ತು ಸಂಸ್ಥಾನ. ನೆರೆಯ ಕೊಲ್ಹಾಪುರದಲ್ಲಿ 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹೂ ಮಹಾರಾಜರು ಕುಸ್ತಿಯ ದೊಡ್ಡ ಪೋಷಕರು. 1912ರಲ್ಲಿ ಅವರು ಕಟ್ಟಿಸಿದ ಖಾಸಬಾಗ ಮೈದಾನ ಇಂದಿಗೂ ಕುಸ್ತಿಯ ಹೆಸರಾಂತ ಕಣ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಗೂ, ಅದರ ಮಗ್ಗುಲಲ್ಲೇ ಸಣ್ಣ ಸಂಸ್ಥಾನವಾಗಿ 1948ರವರೆಗೆ ಬಾಳಿದ ರಾಮದುರ್ಗಕ್ಕೂ ಆ ಕಡೆಯ ಸಂಪರ್ಕ ದಟ್ಟವಾಗಿತ್ತು.

ಮಾತುಗಳೇ ಇದಕ್ಕೆ ಸಾಕ್ಷಿ. ಗರಡಿ, ಜಟ್ಟಿ, ಸಾಮುಗಳ ಪಕ್ಕದಲ್ಲಿ ಪೈಲ್ವಾನ, ವಸ್ತಾದ, ತಾಲೀಮು, ಖುರಾಕು ಎಂಬ ಮಾತುಗಳು ಬಂದು ಕುಳಿತವು. ಅರಬ್ಬಿ, ಪಾರಸಿ ಮೂಲದ ಈ ಮಾತುಗಳಿಗೆ ಈಗ ಅಪ್ಪಟ ಉತ್ತರ ಕರ್ನಾಟಕದ ಸೊಗಡು ಹತ್ತಿದೆ. ‘ಖುರಾಕು’ ಎಂದರೆ ಬರೀ ಊಟವಲ್ಲ, ತಾಲೀಮಿಗೆ ತಕ್ಕ ಊಟ. ಹಾಲು, ತುಪ್ಪ, ಅರೆದ ಬಾದಾಮಿ, ಬೆಲ್ಲ, ಮಾಂಸಾಹಾರಿಗಳಿಗೆ ಮೊಟ್ಟೆ ಮತ್ತು ಮಟನ್. ಒಂದು ಲೀಟರು ಎಮ್ಮೆಯ ಹಾಲಿನಲ್ಲೇ ಸುಮಾರು 1000 ಕ್ಯಾಲೊರಿ ಶಕ್ತಿ ಇರುತ್ತದೆ. ದಿನಕ್ಕೆ ನೂರಾರು ದಂಡ, ನೂರಾರು ಬೈಠಕ್ ಹೊಡೆದು, ಮಟ್ಟಿಯನ್ನು ಅಗೆದು ಹದ ಮಾಡಿ, ಜೋಡಿಯ ಸಂಗಡ ಹಿಡಿತ ಹಾಕುವವನಿಗೆ ಅದು ದಕ್ಕುತ್ತಿತ್ತು.

ಇಲ್ಲಿ ‘ಬೈಠಕ್’ ಎಂದರೆ ನಮ್ಮ ಬಸ್ಕಿಯೇ. ಶಾಲೆಯಲ್ಲಿ ಗುರುಗಳು ಶಿಕ್ಷೆಯಾಗಿ ಹೊಡೆಸುತ್ತಿದ್ದ ಬಸ್ಕಿ ಗರಡಿಯಲ್ಲಿ ಪೂಜೆಯಷ್ಟೇ ನಿತ್ಯದ ಕೆಲಸ. ಕುಳಿತು ಏಳುವ ಈ ಒಂದು ಚಲನೆಯಲ್ಲಿ ತೊಡೆಯ ಮುಂಭಾಗ, ಪೃಷ್ಠ, ಮೀನಖಂಡ ಮೂರೂ ದುಡಿಯುತ್ತವೆ. ಇವು ದೇಹದ ದೊಡ್ಡ ಸ್ನಾಯುಗಳು. ಆದ್ದರಿಂದ ಇವುಗಳ ದುಡಿಮೆಗೆ ಬೇಕಾಗುವ ಇಂಧನವೂ ದೊಡ್ಡದು.

ಹೀಗಾಗಿಯೇ ಗರಡಿಯ ಹಿರಿಯರು ಒಂದು ಎಚ್ಚರವನ್ನು ಹೇಳುತ್ತ ಬಂದರು: ಸಾಮು ಬಿಟ್ಟರೆ ಖುರಾಕನ್ನೂ ಬಿಡಬೇಕು. ಕಣ ಬಿಟ್ಟ ಪೈಲ್ವಾನ ಊಟ ಬಿಡದಿದ್ದರೆ ಎದೆಯ ಮೇಲಿದ್ದದ್ದು ಹೊಟ್ಟೆಗೆ ಇಳಿಯುತ್ತದೆ. ಇದನ್ನು ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ಕಂಡವರಿದ್ದಾರೆ.

ಗರಡಿಯ ಹೊರಗಿನ ಕಾಲುಗಳು

ಗರಡಿಯ ಇತಿಹಾಸವನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಅದು ಗಂಡಸರ ಮನೆಯಾಗಿತ್ತು. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲ. ಕುದುರೆ ಏರಿದ, ಖಡ್ಗ ಹಿಡಿದ ಚೆನ್ನಮ್ಮನನ್ನು ಪೂಜಿಸಿದ ಸೀಮೆಯೇ ತನ್ನ ಮನೆಯ ಹೆಣ್ಣುಮಗಳಿಗೆ ‘ಕಸರತ್ತು ನಿನಗ್ಯಾಕವ್ವ’ ಎಂದು ಹೇಳುತ್ತ ಬಂದಿತು.

ಹಾಗೆಂದು ಅವರ ಕಾಲು ಕುಳಿತಿರಲಿಲ್ಲ. ಬಾವಿಯಿಂದ ಕೊಡ, ಹೊಲದಿಂದ ಮೇವಿನ ಹೊರೆ, ನೆಲಕ್ಕೆ ಕುಳಿತು ಬೀಸುವ ಕಲ್ಲು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಬಡಿಯುವ ರೊಟ್ಟಿ, ಕಳೆ ಕೀಳುತ್ತ ಸಾಲು ಸಾಲು ಸರಿಯುವ ಕೆಲಸ. ಯಾರೂ ಲೆಕ್ಕವಿಡದ ಬಸ್ಕಿಗಳು ಇವು. ರಾಮದುರ್ಗ, ಸುರೇಬಾನ ಕಡೆಯ ನೇಕಾರರ ಮನೆಗಳಲ್ಲಿ ಕುಣಿಮಗ್ಗದ ಹಲಗೆಯನ್ನು ದಿನವಿಡೀ ಮೆಟ್ಟುತ್ತಿದ್ದುದೂ ಕಾಲೇ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಇಲ್ಲವೇ ನಡೆದೇ ಬರುತ್ತಿದ್ದವರಲ್ಲಿ ಹೆಂಗಸರು ಹಿಂದೆ ಬೀಳುತ್ತಿರಲಿಲ್ಲ. ಆದರೆ ಈ ದುಡಿಮೆಗೆ ತಕ್ಕ ಖುರಾಕು ಅವರಿಗೆ ಸಿಗುತ್ತಿತ್ತೇ? ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಇದ್ದ ಮನೆಗಳಲ್ಲಿ ಉತ್ತರ ‘ಇಲ್ಲ’ ಎಂದೇ ಆಗುತ್ತದೆ. ಗರಡಿಯಲ್ಲಿ ಸರಿಯಾಗಿದ್ದ ಲೆಕ್ಕ ಅಡುಗೆಮನೆಯಲ್ಲಿ ತಪ್ಪಿತ್ತು.

ಬಾಗಿಲು ತೆರೆಯಲು ರಾಷ್ಟ್ರೀಯ ಚಳವಳಿ ಬರಬೇಕಾಯಿತು. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳವು ಕವಾಯತು ಮತ್ತು ಅಂಗಸಾಧನೆಯನ್ನು ದೇಶಸೇವೆಯ ಮಟ್ಟಕ್ಕೆ ಏರಿಸಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರ ಅವರು 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕೂಡಿಸಿದರು. ಮುಂದೆ 1969ರಲ್ಲಿ ಕಿತ್ತೂರಿನಲ್ಲಿಯೇ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ ಆರಂಭವಾಯಿತು. 2016ರಲ್ಲಿ ಸಾಕ್ಷಿ ಮಲಿಕ್ ರಿಯೊ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು, ಕುಸ್ತಿಯಲ್ಲಿ ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದ ಮೇಲಂತೂ ‘ಹೆಣ್ಣಿಗೆ ಕಸರತ್ತೇಕೆ’ ಎಂಬ ಪ್ರಶ್ನೆಗೆ ಬೆಲೆ ಉಳಿದಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ?

1970ರ ದಶಕದಲ್ಲಿ ಸವದತ್ತಿ ತಾಲೂಕಿನ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಪೂರ್ಣಗೊಂಡು ರೇಣುಕಾಸಾಗರ ತುಂಬಿತು. ಒಣ ಬೇಸಾಯದ ಎರೆ ಹೊಲಗಳಿಗೆ ಕಾಲುವೆ ಬಂದಿತು. ಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ಸೀಮೆಗೆ ಗೋವಿನಜೋಳ, ಕಬ್ಬು ಕಾಲಿಟ್ಟವು. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ನಡೆಯಿತು. ನೀರು ಬಂದದ್ದು ಒಳ್ಳೆಯದೇ. ಬರಗಾಲದ ಹಸಿವನ್ನು ಉಂಡವರು ಅದನ್ನು ಅಲ್ಲಗಳೆಯಲಾರರು. ಅದರೊಂದಿಗೆ ಟ್ರ್ಯಾಕ್ಟರ್, ಗಿರಣಿ, ಮನೆಯಂಗಳದ ನಳ, ಮೋಟರ್ ಸೈಕಲ್, ವಿದ್ಯುತ್ ಮಗ್ಗ ಬಂದವು. ಗುಡ್ಡದ ಮೇಲೆ ಗುಡಿಯ ಹತ್ತಿರದವರೆಗೂ ಬಸ್ಸು ಹತ್ತಿತು. ಬೆನ್ನು ಮುರಿಯುವ ದುಡಿಮೆ ಕಡಿಮೆಯಾಯಿತು. ಇದರಲ್ಲಿ ಮರುಗಬೇಕಾದದ್ದು ಏನೂ ಇಲ್ಲ.

ಆದರೆ ದುಡಿಮೆ ಇಳಿದಾಗ ಊಟ ಇಳಿಯಲಿಲ್ಲ, ಅದು ಬದಲಾಯಿತು. ಎರಡು ಹೊತ್ತು ಜೋಳದ ರೊಟ್ಟಿ ಉಣ್ಣುತ್ತಿದ್ದ ಮನೆಗಳಲ್ಲಿ ಬಿಳಿ ಅನ್ನದ ಪಾಲು ಹೆಚ್ಚಿತು. ಹಬ್ಬಕ್ಕೆ ಮಾತ್ರ ಇದ್ದ ಕರಿದ ಪದಾರ್ಥ ಸಂಜೆಯ ಮಿರ್ಚಿ ಭಜಿಯಾಗಿ ನಿತ್ಯದ್ದಾಯಿತು. ಚಹಾದ ಲೆಕ್ಕವನ್ನೇ ನೋಡಿ. ಒಂದು ಕಪ್ಪಿಗೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ ಎಂದು ಹಿಡಿದರೆ ಐದು ಕಪ್ಪಿಗೆ 50 ಗ್ರಾಂ, ಅದರಲ್ಲಿ 200 ಕ್ಯಾಲೊರಿ. 60 ಕಿಲೊ ತೂಕದವರು ಇದನ್ನು ತೀರಿಸಲು ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರು ನಡೆಯಬೇಕು. ಇದು ಸಕ್ಕರೆಯದೊಂದೇ ಲೆಕ್ಕ, ಹಾಲಿನದು ಬೇರೆ.

ಪರಿಣಾಮ ದೇಶದ ಅಂಕಿ ಅಂಶಗಳಲ್ಲಿ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ವಯಸ್ಕರಲ್ಲಿ ಶೇ. 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇದೆ. ಇದನ್ನು ಶಹರದ ಕಾಯಿಲೆ ಎಂದು ಹಳ್ಳಿಯವರು ನಿಶ್ಚಿಂತೆಯಿಂದ ಇರುವ ಕಾಲ ಮುಗಿದಿದೆ.

ಕೊಬ್ಬು ಕರಗುವ ಬಗೆ

ಈಗ ಜಾಹೀರಾತಿನ ಪ್ರಶ್ನೆಗೆ ಬರೋಣ. ತೊಡೆಗೆ ಕಸರತ್ತು ಮಾಡಿದರೆ ತೊಡೆಯ ಕೊಬ್ಬೇ ಕರಗುವುದೇ? ವಿಜ್ಞಾನದ ಉತ್ತರ: ಹಾಗೆ ಕರಗುವುದಿಲ್ಲ. 1971ರಲ್ಲಿ ಅಮೆರಿಕದ ಸಂಶೋಧಕರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ಆಡುವ ಕೈಯ ಸ್ನಾಯು ದಪ್ಪವಾಗಿತ್ತು, ಚರ್ಮದ ಕೆಳಗಿನ ಕೊಬ್ಬು ಮಾತ್ರ ಎರಡೂ ಕೈಗಳಲ್ಲಿ ಒಂದೇ ಸಮನಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 12 ವಾರಗಳ ಕಾಲ ಒಂದೇ ಕಾಲಿಗೆ ಕಸರತ್ತು ಮಾಡಿಸಿದರು. ಕೊನೆಗೆ ಕೊಬ್ಬು ಇಳಿದದ್ದು ಮುಂಡ ಮತ್ತು ತೋಳುಗಳಲ್ಲಿ. ದುಡಿದ ಕಾಲಿನಲ್ಲಿ ಅಲ್ಲ!

ಕಾರಣ ಸರಳ. ದುಡಿಯುವ ಸ್ನಾಯು ತನ್ನ ಪಕ್ಕದ ಕೊಬ್ಬನ್ನೇ ನೇರವಾಗಿ ಕಿತ್ತು ತಿನ್ನುವುದಿಲ್ಲ. ಊರೆಲ್ಲದರ ಹಗೇವಿನಿಂದ ಕಾಳು ಪೇಟೆಗೆ ಬಂದು ಅಲ್ಲಿಂದ ಹಂಚಿಕೆಯಾಗುವಂತೆ, ದೇಹದ ಎಲ್ಲ ಕಡೆಯ ಕೊಬ್ಬು ರಕ್ತಕ್ಕೆ ಇಳಿದು ಅಲ್ಲಿಂದ ಸ್ನಾಯುವಿಗೆ ಹೋಗುತ್ತದೆ. ಯಾವ ಹಗೇವು ಮೊದಲು ಬರಿದಾಗಬೇಕೆಂಬುದನ್ನು ತೀರ್ಮಾನಿಸುವುದು ವಂಶ, ವಯಸ್ಸು ಮತ್ತು ಹಾರ್ಮೋನು. ಹೆಣ್ಣುಮಕ್ಕಳಲ್ಲಿ ಸೊಂಟ, ತೊಡೆಗಳಲ್ಲಿ ಕೊಬ್ಬು ಕೂಡುವುದು ಪ್ರಕೃತಿ ಸಹಜ. ಇಷ್ಟೇ ಅಲ್ಲ, ತೊಡೆಯ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬೇ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹೆಚ್ಚು ಅಪಾಯಕಾರಿ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರದಿರಲಿ ಎನ್ನುತ್ತಾರೆ ವೈದ್ಯರು. ಆದ್ದರಿಂದ ಕನ್ನಡಿಯ ಮುಂದೆ ನಿಂತು ತೊಡೆಯನ್ನು ಬೈಯುವ ಹುಡುಗಿ ಮೊದಲು ಅಳೆಯಬೇಕಾದದ್ದು ತೊಡೆಯನ್ನಲ್ಲ.

ಹಾಗಾದರೆ ಬಸ್ಕಿ ವ್ಯರ್ಥವೇ? ಖಂಡಿತ ಅಲ್ಲ. ಬಸ್ಕಿಯ ಫಲ ತೊಡೆಯ ಸ್ನಾಯು ಬಲಿಯುವುದು. ಕೊಬ್ಬನ್ನು ಇಳಿಸುವುದು ಒಟ್ಟು ಲೆಕ್ಕ: ಉಂಡದ್ದಕ್ಕಿಂತ ದುಡಿದದ್ದು ಹೆಚ್ಚಾಗಬೇಕು. ಕೊಬ್ಬು ಎಲ್ಲೆಡೆಯಿಂದ ಇಳಿಯುತ್ತಿರುವಾಗ ಕೆಳಗಿನ ಸ್ನಾಯು ಬಲಿತಿದ್ದರೆ ಕಾಲು ಗಟ್ಟಿಯಾಗಿ ಕಾಣುತ್ತದೆ. ಸಾಮು ಮತ್ತು ಖುರಾಕು ಒಂದೇ ಪುಟದಲ್ಲಿರಬೇಕೆಂದು ಗರಡಿ ತಿಳಿದಿದ್ದುದು ಇದನ್ನೇ.

ಇಂದಿಗೆ ದಕ್ಕುವ ಪಾಠ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಇರಬೇಕು. ಇದನ್ನು ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ: ವಾರಕ್ಕೆ ಐದು ದಿನ ಅರ್ಧ ತಾಸು ದಮ್ಮು ಹತ್ತುವಂತೆ ನಡೆಯುವುದು, ಎರಡು ದಿನ ಬಸ್ಕಿ ಮತ್ತು ದಂಡ. ಸೋಮೇಶ್ವರನ ಭ್ರಮಣಶ್ರಮ ಮತ್ತು ಭಾರಶ್ರಮಗಳು ಮತ್ತೆ ಒಂದಾದಂತೆ.

ಆರಂಭಕ್ಕೆ ಪೈಲ್ವಾನನ ಎಣಿಕೆ ಬೇಡ. ಕುರ್ಚಿಯ ಮೇಲೆ ಕುಳಿತು ಕೈ ಊರದೆ ಏಳುವುದು ಹತ್ತು ಸಲ, ಸ್ವಲ್ಪ ವಿರಾಮ, ಮತ್ತೆ ಹತ್ತು ಸಲ. ಕೆಲ ವಾರಗಳ ಬಳಿಕ ಕುರ್ಚಿ ತೆಗೆದು ಅರ್ಧ ಬಸ್ಕಿ, ಆಮೇಲೆ ಪೂರ್ತಿ. ಅರ್ಧ ಶಕ್ತಿ ಇರುವಾಗಲೇ ವ್ಯಾಯಾಮ ನಿಲ್ಲಿಸಬೇಕೆಂಬ ಆಯುರ್ವೇದದ ಹಳೆಯ ಮಾತು ಹೊಸಬರಿಗೆ ಒಳ್ಳೆಯ ಅಳತೆಗೋಲು. ಮೊಣಕಾಲು ನೋವು, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಊಟಕ್ಕೂ ದೂರದ ಪುಡಿ ತರಿಸಬೇಕಾಗಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮಜ್ಜಿಗೆ. ನಾರು, ಸಸಾರಜನಕ ಎರಡೂ ಇರುವ ತಾಟು ಇದು. ಆದರೆ ಜೋಳದ ರೊಟ್ಟಿ ಎಂದ ಮಾತ್ರಕ್ಕೆ ಎಷ್ಟಾದರೂ ಉಣ್ಣಬಹುದೆಂದಲ್ಲ. 100 ಗ್ರಾಂ ಹಿಟ್ಟಿನಲ್ಲಿ 330ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಶೇಂಗಾ ಹಿಂಡಿ ಒಂದು ಚಮಚ ಪಲ್ಯದ ಪಕ್ಕಕ್ಕೆ ಸಾಕು, ಅದೇ ಪಲ್ಯವಾಗಬಾರದು. ನೇಗಿಲು ಹೊಡೆಯುತ್ತಿದ್ದ ಅಜ್ಜ ಉಂಡಷ್ಟು ರೊಟ್ಟಿ ಗಲ್ಲೆಯ ಮೇಲೆ ಕೂಡುವ ಮೊಮ್ಮಗನಿಗೆ ಬೇಕಿಲ್ಲ. ವಾರಕ್ಕೆ ಅರ್ಧ ಕಿಲೊ ಇಳಿದರೆ ಅದು ಒಳ್ಳೆಯ ವೇಗವೇ. ತಿಂಗಳಲ್ಲಿ ಹತ್ತು ಕಿಲೊ ಎಂದು ಹೇಳುವವರು ನಿಮ್ಮ ಕೊಬ್ಬಿಗಿಂತ ಮೊದಲು ಕಿಸೆಯನ್ನು ಕರಗಿಸುತ್ತಾರೆ.

ಕಿತ್ತೂರು ಉತ್ಸವದಲ್ಲಿ, ಊರ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿಗಳು ಇಂದಿಗೂ ಜನರನ್ನು ಕೂಡಿಸುತ್ತವೆ. ಹಲಗಿಯ ಸಪ್ಪಳಕ್ಕೆ ಕೇಕೆ ಹಾಕುವ ಸಾವಿರಾರು ಮಂದಿಯಲ್ಲಿ ಮಾರನೆಯ ದಿನ ಬೆಳಿಗ್ಗೆ ಬಸ್ಕಿ ಹೊಡೆಯುವವರು ಎಷ್ಟು? ಎಷ್ಟೋ ಊರುಗಳಲ್ಲಿ ಗರಡಿಮನೆಯ ಬಾಗಿಲಿಗೆ ಬೀಗ ಬಿದ್ದಿದೆ. ಅದನ್ನು ತೆರೆದು, ಮಟ್ಟಿ ಹದ ಮಾಡಿ, ಬೆಳಗಿನ ಒಂದು ಹೊತ್ತನ್ನು ಹೆಣ್ಣುಮಕ್ಕಳಿಗೂ ಮೀಸಲಿಟ್ಟರೆ ಅದಕ್ಕಿಂತ ಅಗ್ಗದ ವ್ಯಾಯಾಮಶಾಲೆ ಬೇರೊಂದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ಊಟ ಬಲ್ಲವನೆಂದರೆ ತಾನು ಇಂದು ಎಷ್ಟು ದುಡಿದೆನೆಂದು ಬಲ್ಲವನೂ ಹೌದು.